ಎಡಕ್ಕೆ ವಾಲಿದ ಹೆಣಿಗೆ

ಜಗಳಕ್ಕೆ ಕಾರಣಳಾದವಳು ಪಾದ್ರಿಯ ಹೆಂಡತಿ. ಆಕೆ ಬಂದದ್ದು ಒಳ್ಳೆಯ ಮಾತಿಗೇ. ಫೆಬ್ರವರಿಯಲ್ಲಿ ಸೆಜ್‌ಹ್ಯಾಮಿನ ಚರ್ಚಿನ ಹಾಲಿನಲ್ಲಿ ಊರಿನ ಹಳೆಯ ಕಸುಬುಗಳ ಪ್ರದರ್ಶನ ಇಡುತ್ತೇವೆ, ಟ್ಯಾಚೆಲ್ ಮನೆಯವರದ್ದು ಇಲ್ಲದಿದ್ದರೆ ಅದು ಪ್ರದರ್ಶನವೇ ಅಲ್ಲ, ಬುಟ್ಟಿ ಹೆಣೆದವರನ್ನೆಲ್ಲ ಹುಡುಕಿ ಒಂದು ವಂಶವೃಕ್ಷ ಬರೆದುಕೊಡಿ, ಅದರ ಕೆಳಗೆ ಅವರವರ ಕೈಕೆಲಸ ಇಡೋಣ ಎಂದು ಹೇಳಿ, ಚಹಾ ಕುಡಿದು, ಸೈಕಲ್ಲು ಹತ್ತಿ ಮಂಜಿನಲ್ಲಿ ಮರೆಯಾದಳು. ಮನೆಯ ಸೊಸೆ ಈನಿಡ್ ಒಪ್ಪಿಕೊಂಡುಬಿಟ್ಟಿದ್ದಳು. ಅವಳು ಗುಡ್ಡದ ಕಡೆಯವಳು. ಮದುವೆಯಾಗಿ ನಮ್ಮ ಈ ಜವುಗು ಬಯಲಿಗೆ ಬಂದು ಮಗಳು ಮದುವೆಯ ವಯಸ್ಸಿಗೆ ಬಂದಿದ್ದರೂ ಊರು ಅವಳನ್ನು ಇನ್ನೂ ಹೊರಗಿನವಳೆಂದೇ ಎಣಿಸುತ್ತಿತ್ತು. ಇಂಥ ಕೆಲಸ ತಾನಾಗಿ ಬಾಗಿಲಿಗೆ ಬಂದರೆ ಬೇಡವೆನ್ನುವುದು ಹೇಗೆ?

ಸಂಜೆ ಊಟಕ್ಕೆ ಕೂತಾಗ ವಿಷಯ ಹೇಳಿದಳು. ಉಪ್ಪಿನ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ, ಎಲೆಕೋಸು.

"ನಮ್ಮ ವಂಶ ತಗೊಂಡು ಚರ್ಚಿನ ಹೆಂಗಸ್ರು ಏನು ಮಾಡ್ತಾರಂತೆ?" ಎಂದ ಅವಳ ಮಾವ ರೂಬೆನ್. ಎಂಬತ್ತರ ಹತ್ತಿರದ ಮುದುಕ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ತಟ್ಟೆಯ ಮೇಲಿನ ಆಲೂಗಡ್ಡೆಯನ್ನು ಚಮಚದಲ್ಲಿ ತಡಕುತ್ತಿದ್ದ.

"ನೋಡ್ತಾರೆ ಮಾವ. ಜನ ಬಂದು ನೋಡ್ತಾರೆ."

"ಸಂತೇಲಿ ಹಂದೀನೂ ನೋಡ್ತಾರೆ."

"ಹಂದಿಗೆ ಬಹುಮಾನ ಕೊಡ್ತಾರೆ ತಾತ," ಎಂದಳು ಮೊಮ್ಮಗಳು ಹೆಸ್ಟರ್. "ನಿಂಗೆ ಅದೂ ಸಿಗಲ್ಲ."

ಮುದುಕನ ಮೀಸೆ ಅಲುಗಿತು. ನಗು ಬಂದದ್ದನ್ನು ಅವನು ಹಾಗೆ ಅದುಮಿಕೊಳ್ಳುತ್ತಿದ್ದ. ಆಮೇಲೆ ತಾನೇ ಹೇಳಿದ: "ಬರ್ಕೋ. ಇಸಾಕ್. ಅವನ ಮಗ ಜೇಬಸ್. ಜೇಬಸ್‌ನ ಮಗ ನಮ್ಮಪ್ಪ ಜೊಸಾಯಾ. ಆಮೇಲೆ ನಾನು. ಆಮೇಲೆ ಇಗೋ, ನಿನ್ನ ಗಂಡ. ಅಪ್ಪನ ಹಲಗೆ ಮಗನಿಗೆ. ಮುಗೀತು. ಇದ್ರಲ್ಲಿ ಹುಡ್ಕೋದೇನಿದೆ?"

"ಮುಗೀತು ಅನ್ನೋದು ನಿಜ," ಎಂದ ಮಗ ವಿಲ್ಫ್ರೆಡ್, ತಟ್ಟೆ ಸರಿಸಿ. ಮೆತ್ತನೆ ಮನುಷ್ಯ. ಏನು ಹೇಳಬೇಕಾದರೂ ವಾರಗಟ್ಟಲೆ ಮನಸ್ಸಿನಲ್ಲೇ ಉರುಳಿಸಿ, ಕೊನೆಗೆ ತಪ್ಪು ಹೊತ್ತಿನಲ್ಲಿ ಹೇಳುವವನು. "ಅಪ್ಪ, ನನ್ನ ಬೆರಳು ಮಡಿಸೋಕೆ ಬರ್ತಿಲ್ಲ. ಈ ಚಳಿಗಾಲ ಹೆಂಗೋ ಮಾಡ್ತೀನಿ. ಮಾರ್ಚ್ ಕಳೆದ್ಮೇಲೆ ಕಡ್ಡಿ ಬೆಳೆಯೋ ವಿಲೋ ಗದ್ದೇನ ಪೋಪಲ್‌ಗೆ ಕೊಟ್ಬಿಡೋಣ ಅಂತ. ಹಸು ಮೇಯಿಸ್ತಾನಂತೆ. ಹೆಣಿಗೆಮನೆ ಕೂಡ ಅವನೇ ಕೇಳ್ತಾ ಇದಾನೆ, ಹುಲ್ಲು ಒಟ್ಟೋಕೆ."

ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಸುತ್ತಲ ಮನೆಗಳಲ್ಲಿ ಹೆಣೆಯಲು ಕೂರುವ ಹಲಗೆಗಳು ಒಂದೊಂದಾಗಿ ಒಲೆ ಸೇರುತ್ತಿದ್ದವು. ಆ ಮಾತು ಈ ಮೇಜಿಗೂ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ನಾನು ಕೂರ್ತೀನಿ ಹಲಗೆಗೆ," ಎಂದಳು ಹೆಸ್ಟರ್.

ನಮ್ಮ ಕಡೆ ಹೆಂಗಸರು ಕಡ್ಡಿ ಬೇಯಿಸುತ್ತಾರೆ, ಸಿಪ್ಪೆ ಸುಲಿಯುತ್ತಾರೆ, ಕಟ್ಟು ಕಟ್ಟುತ್ತಾರೆ. ಹೆಣೆಯುವುದು ಗಂಡಸರು. ಹೆಸ್ಟರ್ ಶಾಲೆ ಬಿಟ್ಟಾಗಿನಿಂದ ಅಂಗಳದಲ್ಲಿ ಸಿಪ್ಪೆ ಸುಲಿದು ಸುಲಿದು ಅವಳ ಉಗುರುಗಳು ಕಂದಾಗಿಹೋಗಿದ್ದವು. ಆದರೆ ಮುದುಕ ಬೇಡವೆಂದದ್ದು ಅವಳು ಹೆಣ್ಣೆಂದಲ್ಲ.

"ಯಾವ ಕೈಯಲ್ಲಿ ಹೆಣೀತೀಯ?" ಎಂದು ಕೇಳಿದ.

ಹೆಸ್ಟರ್ ತನ್ನ ಕೈ ನೋಡಿಕೊಂಡಳು. ಅವಳ ಚಮಚ ಎಡಗೈಯಲ್ಲಿತ್ತು. ಚಿಕ್ಕವಳಿದ್ದಾಗ ಇದೇ ಮೇಜಿಗೆ ಕೂತಾಗ ತಾತ ಅವಳ ಎಡಗೈಯನ್ನು ಕರವಸ್ತ್ರದಿಂದ ಕುರ್ಚಿಗೆ ಕಟ್ಟುತ್ತಿದ್ದ. ಕಣ್ಣು ಹೋದ ಮೇಲೆ ಕಟ್ಟುವುದು ನಿಂತಿತ್ತು, ಅಷ್ಟೆ.

"ಎಡಚಿಗೆ ಆ ಮನೇಲಿ ಜಾಗ ಇಲ್ಲ. ನಾನಿರೋವರೆಗೂ ಇಲ್ಲ. ಹಸು ಕಟ್ಲಿ, ಹುಲ್ಲು ಒಟ್ಲಿ, ಬೆಂಕಿ ಹಾಕ್ಲಿ."

"ಯಾಕೆ ತಾತ? ನನ್ನ ಕೈ ಏನು ಪಾಪ ಮಾಡಿದೆ?"

"ಊಟ ಮಾಡು."

ಆಗಲೇ ಆ ಸದ್ದು ಕೇಳಿಸಿದ್ದು. ಹೆಣಿಗೆಮನೆಯಲ್ಲಿ ಕಬ್ಬಿಣದ ಸದ್ದು. ಹೆಣೆದ ಸಾಲುಗಳು ಒತ್ತಾಗಿ ಕೂರಲೆಂದು ಒಂದು ಕಬ್ಬಿಣದ ತುಂಡಿನಿಂದ ಬಡಿಯುತ್ತಾರೆ; ಅದೇ ಸದ್ದು, ಮಂಜಿನೊಳಗಿಂದ. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್ ಟಕ್. ಮನೆಯವರೆಲ್ಲ ಮೇಜಿನ ಸುತ್ತ ಕೂತಿದ್ದರು.

"ಕಟ್ಟಿಟ್ಟ ಕಡ್ಡಿ ಒಣಗ್ತಾ ಸಿಡೀತಿದೆ," ಎಂದ ವಿಲ್ಫ್ರೆಡ್, ಪ್ರತಿ ಚಳಿಗಾಲವೂ ಹೇಳುವ ಹಾಗೆ.

ಮುದುಕ ಕಿಟಕಿಯ ಕಡೆ ತಲೆ ವಾಲಿಸಿ ಕೇಳಿದ. ಸದ್ದು ನಿಲ್ಲುವವರೆಗೂ ಚಮಚ ಎತ್ತಲಿಲ್ಲ.

ಮಾರನೆಯ ವಾರ ಈನಿಡ್ ಕಂದು ಕಾಗದದ ದೊಡ್ಡ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಇಸಾಕ್‌ನಿಂದ ವಿಲ್ಫ್ರೆಡ್‌ವರೆಗೆ ಹೆಸರುಗಳನ್ನು ಬರೆದು ಗೆರೆ ಎಳೆದಳು. ಮಾಂಸ ಬೇಯುವಾಗ ಅದರ ತುದಿಗಳು ಹಬೆಗೆ ಸುರುಳಿ ಸುತ್ತುತ್ತಿದ್ದವು. ಇನ್ನು ಒಬ್ಬೊಬ್ಬರ ಕೈಕೆಲಸ ಬೇಕು. ಇಸಾಕ್‌ನದು, ಜೇಬಸ್‌ನದು ಏನೂ ಉಳಿದಿರಲಿಲ್ಲ. ಬುಟ್ಟಿ ದುಡಿದು ಸಾಯುವ ವಸ್ತು. ಜೊಸಾಯಾನದು ಮಾತ್ರ ಇತ್ತು. ಅಟ್ಟದ ಮೇಲಿನ ತೊಟ್ಟಿಲು. ಮಗ ರೂಬೆನ್ ಹುಟ್ಟಿದಾಗ ಜೊಸಾಯಾ ತನ್ನ ಕೈಯಾರೆ ಹೆಣೆದದ್ದು. ಅದರಲ್ಲೇ ವಿಲ್ಫ್ರೆಡ್ ಮಲಗಿದ್ದ, ಹೆಸ್ಟರ್ ಮಲಗಿದ್ದಳು. ಅದನ್ನು ನೋಡಿಯೇ ಜಮೀನುದಾರರ ಮನೆಯಿಂದ ಟ್ಯಾಚೆಲ್‌ರಿಗೆ ಕೆಲಸ ಬರತೊಡಗಿದ್ದೆಂದು ಊರೆಲ್ಲ ಹೇಳುತ್ತಿತ್ತು.

ಹೆಸ್ಟರ್ ಅದನ್ನು ಇಳಿಸಿ, ಅಂಗಳದಲ್ಲಿ ಉಪ್ಪುನೀರು ಹಾಕಿ ಉಜ್ಜತೊಡಗಿದಳು. ಹಿಟ್ಟು ನಾದುತ್ತಿದ್ದ ಈನಿಡ್‌ಗೆ ಬ್ರಷ್ಷಿನ ಸದ್ದು ನಿಂತದ್ದು ತಿಳಿಯಿತು.

"ಅಮ್ಮ, ಸ್ವಲ್ಪ ಬಾ."

"ಕೈ ಹಿಟ್ಟಾಗಿದೆ."

"ಹಿಟ್ಟಿನ ಕೈಯಲ್ಲೇ ಬಾ."

ಹೆಸ್ಟರ್ ತೊಟ್ಟಿಲನ್ನು ಮಗುಚಿ ಹಾಕಿದ್ದಳು. ಪಕ್ಕದಲ್ಲಿ ಜೊಸಾಯಾನದೆಂದು ಹೇಳುವ ಹಳೆಯ ಆಲೂಗಡ್ಡೆ ಬುಟ್ಟಿ, ಕೋಳಿ ಕೂರಿಸಿ ಕೂರಿಸಿ ಕಪ್ಪಾದದ್ದು.

"ಇದು ನೋಡು. ಹೆಣಿಗೆ ಎಲ್ಲಿಂದ ಎಲ್ಲಿಗೆ ಹೋಗಿದೆ? ಎಡದಿಂದ ಬಲಕ್ಕೆ. ಅಪ್ಪಂದೂ ಹಿಂಗೇ. ತಾತಂದೂ ಹಿಂಗೇ. ಎಲ್ಲರದೂ ಹಿಂಗೇ. ಈಗ ತೊಟ್ಟಿಲು ನೋಡು."

ಈನಿಡ್ ಬಗ್ಗಿದಳು. ತೊಟ್ಟಿಲಿನ ಹೆಣಿಗೆ ಬಲದಿಂದ ಎಡಕ್ಕೆ ಸಾಗಿತ್ತು. ಕಡ್ಡಿಗಳು ಗಾಳಿಗೆ ಬಾಗಿದ ಪೈರಿನ ಹಾಗೆ ಎಲ್ಲವೂ ಎಡಕ್ಕೆ ವಾಲಿದ್ದವು. ತಳದಿಂದ ಅಂಚಿನವರೆಗೂ ಒಂದೇ ಕೈ.

"ಜೊಸಾಯಾ ಯಾವತ್ತೋ ಒಂದು ದಿನ ಉಲ್ಟಾ ಹೆಣೆದಿರ್ಬೇಕು."

"ಉಲ್ಟಾ ಹೆಣೆಯೋಕೆ ಬರಲ್ಲಮ್ಮ. ನಾನು ಬಲಗೈಯಲ್ಲಿ ಎಷ್ಟು ಸಲ ಮಾಡಿ ನೋಡಿದೀನಿ, ಕೋಳಿ ಕೆದರಿದ ಹಾಗಿರತ್ತೆ." ಹೆಸ್ಟರ್ ನಾಲಿಗೆ ಕಚ್ಚಿಕೊಂಡಳು.

"ಮಾಡಿ ನೋಡಿದೀಯ? ಎಲ್ಲಿ?"

ಹೇಳಲೇಬೇಕಾಯಿತು. ಸೇಬು ಇಡುವ ಅಟ್ಟದಲ್ಲಿ, ಅಪ್ಪ ಎಸೆದ ಗಿಡ್ಡ ಕಡ್ಡಿಗಳಲ್ಲಿ, ಎರಡು ವರ್ಷದಿಂದ. ಮೂಲೆಯ ಗೋಣಿಯಡಿಯಿಂದ ತಂದು ತೋರಿಸಿದ ಬುಟ್ಟಿಗಳು ಚಿಕ್ಕವು, ಬಿಗಿಯಾದವು. ಎಲ್ಲವೂ ಎಡಕ್ಕೆ ವಾಲಿದ್ದವು.

"ಈ ತೊಟ್ಟಿಲು ನನ್ನಂಥ ಕೈದು," ಎಂದಳು ಹೆಸ್ಟರ್. "ಈ ಮನೇಲಿ ನನಗಿಂತ ಮುಂಚೆ ಒಬ್ಬ ಎಡಚ ಇದ್ದ. ಯಾರು?"

ಊರಿನಲ್ಲಿ ಕೇಳುವುದಾದರೆ ಪೋಪಲ್ ಮನೆಯ ಮುದುಕಿ ಕೆಜಾಯಾಳನ್ನೇ ಕೇಳಬೇಕು. ಎಪ್ಪತ್ತು ದಾಟಿದವಳು, ಹಲ್ಲಿಲ್ಲದವಳು, ಬಾಯಿಗೆ ಬೀಗವಿಲ್ಲದವಳು. ಚಿಕ್ಕಂದಿನಲ್ಲಿ ಟ್ಯಾಚೆಲ್ ಅಂಗಳದಲ್ಲಿ ಸಿಪ್ಪೆ ಸುಲಿಯಲು ಬರುತ್ತಿದ್ದವಳು. ಈನಿಡ್ ಒಂದು ಸೇಬಿನ ಕಡುಬು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

"ಗುಡ್ಡದವಳು ಕಡುಬು ತಂದಿದಾಳೆ ಅಂದ್ರೆ ಏನೋ ಕೇಳೋದಿದೆ," ಎಂದಳು ಕೆಜಾಯಾ. "ಕೇಳು. ಬಿಸಿ ಆರೋದ್ರೊಳಗೆ ಕೇಳು."

ಈನಿಡ್ ತೊಟ್ಟಿಲಿನ ವಿಷಯ ಹೇಳಿದಳು. ಮುದುಕಿ ಕಡುಬನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಬಟ್ಟೆ ಬಿಚ್ಚಲೇ ಇಲ್ಲ.

"ಟ್ಯಾಮ್ಸಿನ್," ಎಂದಳು ಕೊನೆಗೆ. "ರೂಬೆನ್‌ನ ಅಕ್ಕ. ನಿಂಗೆ ಯಾರೂ ಹೇಳ್ಲಿಲ್ವಾ? ಎಲ್ಲಿ ಹೇಳ್ತಾರೆ!"

"ಅಕ್ಕನೇ? ಮಾವನಿಗೆ ಅಕ್ಕ ಇದ್ರಾ?"

"ಇದ್ಲು. ತಾಯಿ ರೂಬೆನ್‌ನ ಹೆತ್ತು ಹೋಗ್ಬಿಟ್ಳು. ಆ ಹುಡುಗೀನೇ ಸಾಕಿದ್ದು. ತೊಟ್ಟಿಲೂ ಅವಳೇ ಹೆಣೆದಿದ್ದು. ಆಮೇಲೆ ಜೊಸಾಯಾನ ಕೈ ಸೇದ್ಕೊಂಡ್ಬಿಡ್ತು, ನಿನ್ನ ಗಂಡಂದು ಈಗ ಆಗಿರೋ ಹಾಗೆ. ಆಗ ಮನೆ ನಡೆಸಿದ್ದೂ ಅವಳೇ. ಬಾಗಿಲು ಹಾಕ್ಕೊಂಡು ಒಳಗೆ ಅವಳು ಹೆಣೀತಿದ್ಲು, ಜೊಸಾಯಾ ಹೊರಗೆ ನಿಂತು ನಾನೇ ಮಾಡಿದ್ದು ಅಂತ ಕೊಡ್ತಿದ್ದ. ಹೆಂಗಸಿನ ಕೈದು, ಅದೂ ಎಡಚಿ ಕೈದು ಅಂದ್ರೆ ದೊಡ್ಡಮನೆಯೋರು ತಗೋತಾರಾ?"

"ಆಮೇಲೆ?"

"ಆಮೇಲೆ ಹುಡುಗ ದೊಡ್ಡವನಾದ. ಅಪ್ಪನ ಹಲಗೆ ಮಗನಿಗೆ. ಅವಳನ್ನ ಎಬ್ಬಿಸಿ ನಮ್ಮ ಜೊತೆ ಸಿಪ್ಪೆ ಸುಲಿಯೋಕೆ ಕಳಿಸಿದ್ರು. ಅವಳ ಕೈಯಲ್ಲಿದ್ದ ಬುಟ್ಟಿ ಅರ್ಧ ಆಗಿತ್ತು. ಈಗ್ಲೂ ತೂಗ್ತಾ ಇದೆ ನಿಮ್ಮ ಹೆಣಿಗೆಮನೇಲಿ, ನೋಡಿಲ್ವಾ?"

ಈನಿಡ್ ನೋಡಿದ್ದಳು. ದಿನವೂ ನೋಡುತ್ತಿದ್ದಳು. ತೊಲೆಯ ಮೊಳೆಗೆ ಹಗ್ಗದಲ್ಲಿ ತೂಗುಬಿಟ್ಟ ಅರ್ಧ ಬುಟ್ಟಿ. ಅಂಚು ಕಟ್ಟದೆ, ಉದ್ದನೆಯ ನಿಲುಗಡ್ಡಿಗಳನ್ನು ಮೇಲೆ ಒಟ್ಟು ಸೇರಿಸಿ ಕಟ್ಟಿ, ಪಂಜರದ ಹಾಗೆ ಕಾಣುವಂಥದು. ಗಾಳಿಯಿಲ್ಲದ ದಿನವೂ ಮೆಲ್ಲಗೆ ತಿರುಗುತ್ತಿರುತ್ತಿತ್ತು. ಜೊಸಾಯಾ ಸಾಯುವ ದಿನ ಹೆಣೆಯುತ್ತಿದ್ದ ಬುಟ್ಟಿ ಎಂದು ಹೇಳಿದ್ದರು. ಒಬ್ಬರು ಅರ್ಧಕ್ಕೆ ಬಿಟ್ಟು ಎದ್ದ ಬುಟ್ಟಿಗೆ ಇನ್ನೊಬ್ಬರು ಕೈಹಾಕುವುದಿಲ್ಲ, ಅದು ಈ ಮನೆಯ ಕಟ್ಟಳೆ.

"ಅವರೇನಾದ್ರು? ಟ್ಯಾಮ್ಸಿನ್?"

"ಬಯಲಿಗೆಲ್ಲ ನೀರು ಬಂದಿತ್ತು. ಮಂಜು. ಸಂಜೆ ಊಟದ ಹೊತ್ತು. ಎದ್ದು ದಾರಿ ಹಿಡಿದು ನಡೆದ್ಲು. ಬ್ರಿಸ್ಟಲ್‌ಗೆ ಹೋದ್ಲು ಅನ್ನೋರು ಅಂದ್ರು. ನೀರಿಗೆ ಹೋದ್ಲು ಅನ್ನೋರೂ ಅಂದ್ರು. ನಾನು ಇಷ್ಟುದ್ದ ಇದ್ದೆ, ಅವಳ ಬೆನ್ನು ನೋಡಿದೆ. ಅಷ್ಟೇ." ಕೆಜಾಯಾ ಬಟ್ಟೆ ಬಿಚ್ಚಿದಳು. "ಆರೋಯ್ತು ನೋಡು ನಿನ್ನ ಕಡುಬು."

ಈನಿಡ್ ಆ ಸಂಜೆಯೇ ಕೇಳಿಬಿಟ್ಟಳು. ಗಂಡನ ಹಾಗೆ ಮಾತು ಉರುಳಿಸಿಕೊಂಡು ಕೂರುವವಳಲ್ಲ. ಮೇಜಿನ ಮೇಲೆ ಬಟಾಣಿ ಸಾರು ಹೊಗೆಯಾಡುತ್ತಿತ್ತು.

"ಮಾವ, ವಂಶವೃಕ್ಷದಲ್ಲಿ ಟ್ಯಾಮ್ಸಿನ್ ಹೆಸರು ಎಲ್ಲಿ ಬರೀಲಿ?"

ವಿಲ್ಫ್ರೆಡ್ ತಲೆಯೆತ್ತಿದ. "ಯಾರು ಟ್ಯಾಮ್ಸಿನ್?"

"ನಿಮ್ಮ ಸೋದರತ್ತೆ," ಎಂದಳು ಈನಿಡ್. "ನೀವು ಮಲಗಿದ್ದ ತೊಟ್ಟಿಲು ಹೆಣೆದವಳು."

ಮುದುಕ ಬ್ರೆಡ್ಡಿನ ತುಂಡನ್ನು ಸಾರಿಗೆ ಅದ್ದಿದ. ಅದು ನೆನೆದು ಮುರಿದು ಒಳಗೆ ಬಿತ್ತು. ಅವನು ಬೆರಳುಗಳನ್ನು ಹಾಗೇ ಹಿಡಿದುಕೊಂಡಿದ್ದ.

"ಕೆಜಾಯಾ ಬಾಯಿಗೆ ಮಣ್ಣು ಹಾಕ," ಎಂದ.

"ಸುಳ್ಳಾ ತಾತ?" ಎಂದಳು ಹೆಸ್ಟರ್. "ಸುಳ್ಳು ಅನ್ನು, ಬಿಟ್ಬಿಡ್ತೀನಿ. ಅವರೂ ಎಡಗೈಯಲ್ಲಿ ಹೆಣೀತಿದ್ರು. ಅವರ ಕೂಳು ತಿಂದು ಈ ಮನೆ ಬೆಳೀತು. ನನಗೆ ಮಾತ್ರ ಕೈ ಕಟ್ಟಿದೆ!"

"ಹೆಸ್ಟರ್," ಎಂದ ವಿಲ್ಫ್ರೆಡ್.

"ನೀನು ಸುಮ್ನಿರಪ್ಪ, ಯಾವಾಗ್ಲೂ ಸುಮ್ನೇ ಇರ್ತೀಯಲ್ಲ, ಇವತ್ತೂ ಇರು! ತಾತ, ಹಲಗೆ ಕೊಡಲ್ಲ ಅಂದ್ರೆ ಕೊಡ್ಬೇಡ. ಯಾಕೆ ಅಂತ ಹೇಳು."

ಮುದುಕ ಎದ್ದ. ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದ. ಸಾರು ಹಾಗೇ ಉಳಿಯಿತು. ಅವನು ಬಾಗಿಲು ಹಾಕಿಕೊಂಡ ಮೇಲೆ ಹೊರಗಿನಿಂದ ಸದ್ದು ಬಂತು. ಟಕ್ ಟಕ್. ಈ ಸಲ ವಿಲ್ಫ್ರೆಡ್ ಕಡ್ಡಿ ಸಿಡಿಯುವ ಮಾತು ಆಡಲಿಲ್ಲ. ಕೋಣೆಯೊಳಗಿಂದ ಮುದುಕನ ದನಿ ಕೇಳಿಸಿತು, ಬಾಗಿಲ ಹೊರಗಿದ್ದವರಿಗಲ್ಲ: "ಸಾಕು ಟ್ಯಾಮ್. ಒಳಗೆ ಬಾ, ಚಳಿ ಇದೆ."

ಆಮೇಲಿನ ವಾರಗಳಲ್ಲಿ ಹೆಸ್ಟರ್ ತಾತನ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಇಡುತ್ತಿದ್ದಳು. ಅವನು ಅರ್ಧ ತಿಂದು ಏಳುತ್ತಿದ್ದ. ವಿಲ್ಫ್ರೆಡ್ ಒಂದು ದಿನ ಹೆಣೆಯುತ್ತಿದ್ದವನು ಇಕ್ಕಟ್ಟಿನ ಜಾಗದಲ್ಲಿ ದಬ್ಬಳ ಹಿಡಿಯಲಾರದೆ ಕೂತು, ಅದನ್ನು ಪಕ್ಕದಲ್ಲಿ ನಿಂತಿದ್ದ ಮಗಳ ಕೈಗೆ ಕೊಟ್ಟ. ಅವಳು ತೂತು ಮಾಡಿ ಕಡ್ಡಿ ತೂರಿಸಿ ಕೊಟ್ಟಳು. ಅವನು ನೋಡಿದ. "ಚೆನ್ನಾಗಿದೆ," ಎಂದ. ಎದ್ದು ಹೋಗಿ ಚಹಾ ಕುಡಿಯುವ ನೆವದಲ್ಲಿ ಈನಿಡ್‌ಗೆ ಹೇಳಿದ: "ಅವಳಿಗೆ ಬರತ್ತೆ. ನನಗಿಂತ ಚೆನ್ನಾಗಿ ಬರತ್ತೆ."

"ಹಂಗಾದ್ರೆ ನಿಮ್ಮಪ್ಪನಿಗೆ ಹೇಳಿ."

"ಹೇಳ್ತೀನಿ."

"ಯಾವಾಗ, ಪೋಪಲ್ ಹಸು ಕಟ್ಟಿದ್ಮೇಲಾ?"

ಜನವರಿಯಲ್ಲಿ ನದಿ ದಂಡೆ ಮೀರಿತು. ಪ್ರತಿವರ್ಷದ ಹಾಗೆ ಬಯಲೆಲ್ಲ ಬೂದು ನೀರಾಯಿತು, ವಿಲೋ ಬೊಡ್ಡೆಗಳು ಮಾತ್ರ ಮುಳುಗುವವರ ತಲೆಗಳಂತೆ ಸಾಲಾಗಿ ನಿಂತವು. ಆದರೆ ಈ ಸಲ ನೀರು ಅಂಗಳಕ್ಕೂ ಬಂತು. ಒಂದು ಮಧ್ಯಾಹ್ನ ಹೆಣಿಗೆಮನೆಯ ಹೊಸ್ತಿಲು ಮುಟ್ಟಿದಾಗ ಎಲ್ಲರೂ ಸೇರಿ ಸಾಮಾನುಗಳನ್ನು ಅಟ್ಟಕ್ಕೆ ಸಾಗಿಸತೊಡಗಿದರು. ಮುದುಕನೂ ಬಂದ. ಬೇಡವೆಂದರೂ ಕೇಳಲಿಲ್ಲ, ಆ ಮನೆಯೊಳಗೆ ಅವನಿಗೆ ಕಣ್ಣು ಬೇಕಿರಲಿಲ್ಲ. ಬಾಗಿಲ ಬಳಿ ನಿಂತು ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ದಾಟಿಸುತ್ತಿದ್ದ. ಕಟ್ಟು, ಹಲಗೆ, ಬುಟ್ಟಿ, ಮತ್ತೆ ಬುಟ್ಟಿ.

ಸೇಬಿನ ಅಟ್ಟದಲ್ಲಿ ಜಾಗ ಮಾಡಲೆಂದು ಈನಿಡ್ ಅಲ್ಲಿದ್ದ ಗೋಣಿಗಳನ್ನು ಈಚೆಗೆ ಸರಿಸಿದ್ದಳು. ಗೋಣಿಯಡಿ ಇದ್ದ ಬುಟ್ಟಿಯೊಂದು, ಹಿಂದಿನ ದಿನವಷ್ಟೇ ಹೆಸ್ಟರ್ ಅರ್ಧ ಹೆಣೆದು ಬಿಟ್ಟದ್ದು, ಹೇಗೋ ಸಾಲಿಗೆ ಸೇರಿ ಮುದುಕನ ಕೈಗೆ ಬಂತು.

ಅವನು ಅದನ್ನು ದಾಟಿಸಲಿಲ್ಲ. ನಿಂತ. ಬೆರಳುಗಳು ಹೆಣಿಗೆಯ ಮೇಲೆ ಒಂದು ಸುತ್ತು ಹೋದವು, ಇನ್ನೊಂದು ಸುತ್ತು ಬಂದವು. ಮುಖ ಸುಣ್ಣವಾಯಿತು.

"ಇದನ್ನ ಮೊಳೆಯಿಂದ ಯಾರು ಇಳಿಸಿದ್ರು?"

"ಯಾರೂ ಇಳಿಸಿಲ್ಲಪ್ಪ," ಎಂದ ವಿಲ್ಫ್ರೆಡ್. "ಅದು ಅಲ್ಲೇ ತೂಗ್ತಾ ಇದೆ."

ಮುದುಕ ಒಂದು ಕೈಯನ್ನು ಮೇಲೆ ಚಾಚಿದ. ಅರ್ಧ ಬುಟ್ಟಿ ಅಲ್ಲೇ ಇತ್ತು. ಒಣಗಿ ಮೂಳೆಯಾದ ಅದರ ನಿಲುಗಡ್ಡಿಗಳು ಅವನ ಬೆರಳಿಗೆ ತಾಗಿ ಕಟಕಟ ಎಂದವು. ಮೇಲಿನದೊಂದು ಕೈಯಲ್ಲಿ, ಕೆಳಗಿನದೊಂದು ಕೈಯಲ್ಲಿ. ಎರಡೂ ಎಡಕ್ಕೆ ವಾಲಿದ್ದವು. ಕೆಳಗಿನದನ್ನು ಮೂಗಿನ ಹತ್ತಿರ ತಂದು ಮೂಸಿದ.

"ಹಸಿ ಇದೆ," ಎಂದ, ಸಣ್ಣ ದನಿಯಲ್ಲಿ. "ಹೊಸ ಕಡ್ಡಿ. ನೀರು ಬಂದಿದೆ. ಅವಳು ಬಂದಿದಾಳೆ."

ನೀರು ಹೊಸ್ತಿಲು ದಾಟಿ ಅವನ ಬೂಟಿನ ಸುತ್ತ ಹರಡುತ್ತಿತ್ತು.

"ಅದು ನಂದು ತಾತ," ಎಂದಳು ಹೆಸ್ಟರ್.

ಬಹಳ ಹೊತ್ತು ಅವನು ಅದನ್ನು ಕೆಳಗಿಡಲಿಲ್ಲ. ಆಮೇಲೆ ಮೇಲಿನ ಬುಟ್ಟಿಯ ಕಡೆ ಗದ್ದ ಎತ್ತಿ ತೋರಿಸಿದ. "ಅದ್ರ ಮೇಲಿನ ಸಾಲು ಮುಟ್ಟಿ ನೋಡು."

ಹೆಸ್ಟರ್ ತುದಿಗಾಲಲ್ಲಿ ನಿಂತು ಮುಟ್ಟಿದಳು. ಎಡಕ್ಕೆ ಸಾಗಿದ್ದ ಹೆಣಿಗೆಯ ಮೇಲೆ ಕೊನೆಯ ಕೆಲವು ಸಾಲುಗಳು ಬಲಕ್ಕೆ ಎಳೆದಿದ್ದವು. ಅವು ಸೇರುವಲ್ಲಿ ಬುಟ್ಟಿ ತಿರುಚಿಕೊಂಡಿತ್ತು, ಹಿಂಡಿದ ಬಟ್ಟೆಯ ಹಾಗೆ.

"ಅದು ನನ್ನ ಕೈ," ಎಂದ ಮುದುಕ. "ಅಪ್ಪ ಮುಗಿಸು ಅಂದ. ಅವಳದು ಕಣಪ್ಪ, ಅವಳೇ ಮುಗಿಸ್ಲಿ ಅನ್ನಬೇಕಿತ್ತು. ಅನ್ನಲಿಲ್ಲ. ಕೂತ್ಕೊಂಡು ಕೈ ಹಾಕ್ದೆ. ತಲೆಯೆತ್ತಿ ನೋಡಿದ್ರೆ ಬಾಗಿಲಲ್ಲಿ ನಿಂತಿದಾಳೆ. ಇಲ್ಲೇ. ನೋಡ್ತಾ ಇದಾಳೆ. ಬೈಲಿಲ್ಲ. ಬೈದಿದ್ರೆ…" ಮೂಗು ಒರೆಸಿಕೊಂಡ. "ನೀನು ಎಡಗೈಯಲ್ಲಿ ಚಮಚ ಹಿಡಿದಾಗೆಲ್ಲ ನನಗೆ ಊಟ ಗಂಟಲಲ್ಲಿ ಇಳೀತಿರಲಿಲ್ಲ ಮಗಾ. ಅದಕ್ಕೇ ಕಟ್ಟಿದ್ದು."

ವಿಲ್ಫ್ರೆಡ್ ಕೆಮ್ಮಿ, "ಅಪ್ಪ, ಕಾಲು ನೆನೀತಾ ಇದೆ," ಎಂದ. ಮುದುಕ ಬುಟ್ಟಿಯನ್ನು ಮೊಮ್ಮಗಳಿಗೆ ಕೊಟ್ಟು, ಮುಂದಿನದಕ್ಕೆ ಕೈಚಾಚಿದ.

ನೀರು ಇಳಿಯುವಷ್ಟರಲ್ಲಿ ಪ್ರದರ್ಶನ ಹತ್ತಿರ ಬಂದಿತ್ತು. ಈನಿಡ್ ಹೊಸ ಹಾಳೆ ತಂದು ಮೊದಲಿನಿಂದ ಬರೆಯಲು ಕೂತಾಗ ಒಲೆಯ ಪಕ್ಕದಿಂದ ಮುದುಕ ಹೇಳಿದ: "ಅಪ್ಪನಿಗೂ ನನಗೂ ನಡುವೆ ಜಾಗ ಬಿಡು."

"ಅಕ್ಕನ ಹೆಸರು ಪಕ್ಕದಲ್ಲಿ ಬರಬೇಕು ಮಾವ. ವಂಶವೃಕ್ಷ ಅಂದ್ರೆ ಹಂಗೇ ಬರೆಯೋದು."

"ಅದು ಹೆತ್ತ ಲೆಕ್ಕ. ಹಲಗೆ ಅವಳ ಕೈಯಿಂದ ನನಗೆ ಬಂತು. ನಡುವೆ ಬರಿ."

ಈನಿಡ್ ನಡುವೆಯೇ ಬರೆದಳು. ಚರ್ಚಿನ ಹಾಲಿನಲ್ಲಿ ಆ ಹೆಸರಿನ ಕೆಳಗೆ ತೊಟ್ಟಿಲು ಕೂತಿತು. ಕೆಜಾಯಾ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ತಾನೇ ಹೆಣೆದವಳ ಹಾಗೆ ವಿವರಿಸಿದಳು. ಅರ್ಧ ಬುಟ್ಟಿಯನ್ನು ಮುದುಕ ಕೊಡಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಪೋಪಲ್ ಹುಲ್ಲಿನ ವಿಷಯ ಕೇಳಲು ಬಂದ. ವಿಲ್ಫ್ರೆಡ್ ಅಂಗಳದಲ್ಲಿ ನಿಂತು ಟೊಪ್ಪಿಗೆ ತಿರುಗಿಸುತ್ತಾ, "ಅದು ಏನಂದ್ರೆ," ಎಂದು ಶುರುಮಾಡಿ ಅಲ್ಲಿಗೇ ನಿಂತ. ಹೆಣಿಗೆಮನೆಯೊಳಗಿಂದ ಏನನ್ನೋ ಎಳೆಯುವ ಸದ್ದು ಬರುತ್ತಿತ್ತು. ಇಬ್ಬರೂ ಹೋಗಿ ಇಣುಕಿದರು. ಮುದುಕ ಮಂಡಿಯೂರಿ ಕೂತು, ಹಲಗೆಯ ಬಲಗಡೆ ಇರುತ್ತಿದ್ದ ಉಪಕರಣದ ಪೆಟ್ಟಿಗೆಯನ್ನು ಎಡಗಡೆಗೆ ಎಳೆಯುತ್ತಿದ್ದ. ಎಳೆದಿಟ್ಟು, ಬಡಿಯುವ ಕಬ್ಬಿಣವನ್ನು ತಡಕಿ ತೆಗೆದು ಅದನ್ನೂ ಎಡಕ್ಕೆ ಇಟ್ಟ. ಎಡಗೈ ಚಾಚಿ ಎಟುಕುತ್ತದೆಯೇ ಎಂದು ನೋಡಿದ. ಇನ್ನೊಂದಿಷ್ಟು ಹತ್ತಿರಕ್ಕೆ ಸರಿಸಿದ.

"ಹುಲ್ಲು ಬೇರೆ ಕಡೆ ಒಟ್ಕೋ ಪೋಪಲ್," ಎಂದ, ತಿರುಗದೆ. "ಹೆಸ್ಟರ್! ಎಲ್ಲೋದೆ? ಬಿಸಿಲು ಹತ್ತಿದ್ಮೇಲೆ ಕೂರ್ತೀಯಾ?"

ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಕೂತಳು. ತಳ ಹಾಕಿದಳು, ನಿಲುಗಡ್ಡಿ ಏರಿಸಿದಳು. ಮುದುಕ ಪಕ್ಕದ ಮಣೆಯ ಮೇಲೆ ಕೂತು ಕೇಳುತ್ತಿದ್ದ. ಸಾಲು ತುಂಬಿದಾಗ ಅವಳು ಕಬ್ಬಿಣ ಎತ್ತಿ ಬಡಿದಳು. ಟಕ್.

ಮುದುಕ ಕಾದ. ಅವಳು ಮುಂದಿನ ಕಡ್ಡಿಗೆ ಕೈಹಾಕಿದಳು.

"ಇನ್ನೊಂದು," ಎಂದ ಅವನು.

"ಏನು ತಾತ?"

"ಒಂದು ಕೂರಿಸೋಕೆ. ಇನ್ನೊಂದು ನಿಲ್ಸೋಕೆ. ಎರಡು ಬಡೀಬೇಕು."

"ಅಪ್ಪ ಒಂದೇ ಬಡಿಯೋದು. ನೀನೂ ಒಂದೇ ಅಂತೆ."

"ನಮ್ಮದು ಬಿಡು."

ಹೆಸ್ಟರ್ ತಾತನ ಮುಖ ನೋಡಿದಳು. ಕಬ್ಬಿಣ ಎತ್ತಿದಳು. ಟಕ್ ಟಕ್.

ಆ ಸಂಜೆ ಈನಿಡ್ ಈಲು ಮೀನು ಹುರಿದಿದ್ದಳು. ಹೆಸ್ಟರ್ ಬೆರಳು ಕತ್ತರಿಸಿಕೊಂಡಿದ್ದಳು, ಬಟ್ಟೆ ಸುತ್ತಿದ ಎಡಗೈಯಲ್ಲೇ ಚಮಚ ಹಿಡಿದು ತಿನ್ನುತ್ತಿದ್ದಳು. ವಿಲ್ಫ್ರೆಡ್ ಏನೋ ತಮಾಷೆ ಹೇಳಿದ, ಎಲ್ಲರೂ ನಕ್ಕರು. ಮುದುಕ ನಗಲಿಲ್ಲ. ಕಿಟಕಿಯ ಕಡೆ ತಲೆ ವಾಲಿಸಿ ಕೂತಿದ್ದ. ಹೊರಗೆ ಬಯಲಿನಿಂದ ಮಂಜು ಏಳುತ್ತಿತ್ತು, ಹೆಣಿಗೆಮನೆಯ ಬಾಗಿಲು ಹಾಕಿತ್ತು.

"ಮೀನು ಆರೋಗ್ತಾ ಇದೆ ಮಾವ," ಎಂದಳು ಈನಿಡ್.

"ತಡಿ," ಎಂದ ಅವನು.

ಹೆಣಿಗೆಮನೆಯಿಂದ ಏನೂ ಕೇಳಿಸಲಿಲ್ಲ. ತಟ್ಟೆಗಳನ್ನು ತೊಳೆದಿಟ್ಟು ಬಂದಾಗಲೂ ಅವನು ಹಾಗೇ ಕೂತಿದ್ದ.